ಒಂದು ಬಿಟ್ಟು ಹಿಡಿದ ಅಳತೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಇನ್ನೊಬ್ಬರ ಮೇಲೆ ಬರುವ ಸಿಟ್ಟಿಗೆ ಮದ್ದುಂಟು, ನಾಲ್ಕು ಮಾತು ಬೈದರೆ ಇಳಿದುಹೋಗುತ್ತದೆ. ನನ್ನ ಮೇಲೆ ನನಗೇ ಬಂದ ಒಂದು ಸಿಟ್ಟಿದೆ, ಅದು ಮಾತ್ರ ಇನ್ನೂ ಇಳಿದಿಲ್ಲ. ಅದು ಶುರುವಾದದ್ದು ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ, ಪುಣೆ ಹತ್ತಿರದ ದೇಹೂ ರೋಡಿನ ನಮ್ಮ ಮನೆಯ ಅಡುಗೆ ಕಟ್ಟೆಗೆ ಕಡಪಾ ಕಲ್ಲು ಹಾಕಿಸಲು ಅಳತೆ ತೆಗೆಯುವಾಗ.

ಆಗ ನಾನು ಪುಣೆಯ ಶಿವಾಜಿನಗರದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಹಾಯಕಿಯಾಗಿದ್ದೆ. ಕೆಲಸ ಏನೆಂದರೆ ಹಲ್ಲಿಗಳ ವಯಸ್ಸು ಕಂಡುಹಿಡಿಯುವುದು. ಹೀಗೆಂದರೆ ನಮ್ಮ ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ವಯಸ್ಸು ಗೊತ್ತಾದ ಮೇಲೆ ಲಗ್ನ ಮಾಡುತ್ತೀರೇನು ಎಂದು ಒಬ್ಬಾಕೆ ಕೇಳಿಯೂ ಬಿಟ್ಟಿದ್ದಳು. ಗೋಡೆಯ ಮೇಲೆ ಲೊಚಗುಟ್ಟುವ ಹಲ್ಲಿಯಲ್ಲ ಅದು. ಮರುಭೂಮಿಯಲ್ಲಿ ಬಿಲ ತೋಡಿಕೊಂಡು ಬಾಳುವ, ಮೊಳಕೈಯುದ್ದದ, ಬಾಲದ ತುಂಬ ಮುಳ್ಳಿರುವ ಸಾಂಡಾ. ಅದರ ಎಣ್ಣೆ ಎಂದು ಹೇಳಿ ಸ್ಟೇಶನ್ನಿನ ಹೊರಗೆ ಸೊಂಟನೋವಿಗೆ ಏನನ್ನೋ ಮಾರುತ್ತಾರಲ್ಲ, ಆ ಪಾಪದ ಪ್ರಾಣಿಯೇ. ಹುಲ್ಲು ತಿನ್ನುತ್ತದೆ, ಬಿಸಿಲು ಕಾಯುತ್ತದೆ, ಯಾರ ತಂಟೆಗೂ ಬರುವುದಿಲ್ಲ.

ಸಂಶೋಧನೆ ನನ್ನದಲ್ಲ. ಅದು ವಿಜಯಪುರದ ಕಡೆಯ ಒಬ್ಬ ಹೆಣ್ಣುಮಗಳದು. ಅವರ ತಂದೆ ಪುಣೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನಮ್ಮಪ್ಪ ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಗೌಂಡಿ. ಇಬ್ಬರೂ ಬೇರೆಬೇರೆ ದಾರಿಯಿಂದ ಈ ಊರಿಗೆ ಬಂದವರು, ಆದರೆ ಭಾಷೆ ಒಂದೇ. ಸಹಾಯಕಿಯ ಕೆಲಸಕ್ಕೆ ಮಾತಾಡಿಸುವಾಗ ನನ್ನ ಮರಾಠಿ ಕೇಳಿ ಅವರು ನಕ್ಕು, "ಯಾವೂರಾಕಿ ನೀ?" ಎಂದು ಕೇಳಿದ್ದರು. ಅವತ್ತಿನಿಂದ ಅವರು ನನಗೆ ಅಕ್ಕಾರು. ನನಗಿಂತ ಐದಾರು ವರ್ಷಕ್ಕೆ ದೊಡ್ಡವರು. ನನ್ನನ್ನು ಕೂಲಿಯವರ ಮಗಳೆಂದು ಒಂದು ದಿನವೂ ನೋಡಲಿಲ್ಲ, ಡಬ್ಬಿ ಬಿಚ್ಚಿದರೆ ಮೊದಲ ರೊಟ್ಟಿ ನನಗೇ ಬರುತ್ತಿತ್ತು.

ಕೆಲಸ ಎರಡು ಭಾಗದ್ದು. ಮಳೆಗಾಲಕ್ಕೆ ಮುಂಚೆ ಮರುಭೂಮಿಗೆ ಹೋಗಿ, ಅರಣ್ಯ ಇಲಾಖೆಯ ಪರವಾನಗಿಯೊಂದಿಗೆ ಸಾಂಡಾಗಳನ್ನು ಜೀವಂತ ಹಿಡಿದು, ಮೂತಿಯ ತುದಿಯಿಂದ ಬಾಲದ ಬುಡದ ತನಕ ಮೈಯುದ್ದ ಅಳೆದು, ಒಂದು ಬೆರಳಿನ ತುದಿಯನ್ನು ಕತ್ತರಿಸಿ ಸೀಸೆಗೆ ಹಾಕಿ ಬಿಟ್ಟುಬಿಡುವುದು. ಯಾವ ಬೆರಳು ಕತ್ತರಿಸಿದೆ ಎನ್ನುವುದೇ ಆ ಪ್ರಾಣಿಯ ಗುರುತು, ಮುಂದಿನ ವರ್ಷ ಮತ್ತೆ ಸಿಕ್ಕರೆ ಗೊತ್ತಾಗಬೇಕಲ್ಲ. ಎರಡನೆಯದು ಪುಣೆಯಲ್ಲಿ. ಆ ಬೆರಳಿನ ಮೂಳೆಯನ್ನು ಮೆತ್ತಗೆ ಮಾಡಿ, ಕೂದಲಿಗಿಂತ ತೆಳ್ಳಗೆ ಹೆಚ್ಚಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಚಳಿಗಾಲದಲ್ಲಿ ಸಾಂಡಾ ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಂಡು ಒಳಗೆ ಮಲಗುತ್ತದೆ. ಆಗ ಮೂಳೆ ಬೆಳೆಯುವುದು ನಿಂತು ಒಂದು ಕಪ್ಪು ಗೆರೆ ಬೀಳುತ್ತದೆ. ಗೆರೆ ಎಣಿಸಿದರೆ ವಯಸ್ಸು. ಹೆಚ್ಚುವ ಕೆಲಸ ನನ್ನದು, ಅದರಲ್ಲಿ ನನ್ನ ಕೈ ಪಳಗಿತ್ತು.

ಎರಡು ವರ್ಷ ಹೋಗಿಬಂದೆವು. ಆ ಎರಡು ಪ್ರಯಾಣಗಳ ನಡುವೆ ಅಲ್ಲಿ ಮಳೆ ಕೈಕೊಟ್ಟಿತ್ತು, ಹುಲ್ಲು ಇರಲಿಲ್ಲ. ಎರಡನೆಯ ಸಲ ಸಿಕ್ಕ ಹಳೆಯ ಪ್ರಾಣಿಗಳನ್ನು ಅಳೆದರೆ ಒಂದೊಂದೂ ಮೊದಲಿಗಿಂತ ಸ್ವಲ್ಪ ಗಿಡ್ಡ. ಒಂದು ಗಂಡು ಮೊದಲ ವರ್ಷ ಹದಿನೇಳೂವರೆ ಸೆಂಟಿಮೀಟರ್ ಇದ್ದದ್ದು ಹದಿನೇಳಕ್ಕೆ ಬಂದಿತ್ತು. ಅಕ್ಕಾರು ಲೆಕ್ಕ ಹಾಕಿ ಹಾಕಿ ನೋಡಿ ಕೊನೆಗೆ ಹೇಳಿದರು: ಬರಗಾಲದಲ್ಲಿ ಇವು ಕುಗ್ಗುತ್ತವೆ. ತೂಕವಲ್ಲ, ಉದ್ದವೇ ಕುಗ್ಗುತ್ತದೆ. ಸಾಂಡಾದಲ್ಲಿ ಇದನ್ನು ಯಾರೂ ಕಂಡಿಲ್ಲ ಎಂದು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಆ ಒಂದು ಮಾತಿನ ಮೇಲೆ ಅವರ ಪಿಎಚ್.ಡಿ. ಪ್ರಬಂಧ ನಿಂತಿತು. ಅದರ ಮೇಲೆಯೇ ಮರುಭೂಮಿಯ ಅಧ್ಯಯನ ಕೇಂದ್ರವೊಂದರಲ್ಲಿ ಅವರಿಗೆ ನೌಕರಿ ಸಿಗುವ ಮಾತು ನಡೆದಿತ್ತು.

ಅವರ ಮಾರ್ಗದರ್ಶಕರು ಹಳೆಯ ಕಾಲದ ಮನುಷ್ಯ, ಸುಲಭಕ್ಕೆ ನಂಬುವವರಲ್ಲ. ಎಲ್ಲರೂ ಸರ್ ಎಂದೇ ಕರೆಯುತ್ತಿದ್ದರು. ಎರಡೂ ವರ್ಷ ಅಳೆದವರು ಯಾರು ಎಂದು ಅವರು ವಿಭಾಗದ ಎಲ್ಲರ ಮುಂದೆ ಕೇಳಿದರು. ಕೈ ಬದಲಾದರೆ ಅಳತೆ ಬದಲಾಗುತ್ತದೆ, ಒಬ್ಬರು ಪ್ರಾಣಿಯನ್ನು ಎಳೆದು ಹಿಡಿಯುತ್ತಾರೆ, ಒಬ್ಬರು ಸಡಿಲ ಬಿಡುತ್ತಾರೆ. ನಾನೇ ಸರ್, ಎರಡೂ ವರ್ಷ ನಾನೇ ಎಂದು ಎದೆ ಉಬ್ಬಿಸಿ ಹೇಳಿದೆ. ಅಕ್ಕಾರೂ ಹೌದೆಂದರು: ಹಿಡಿದವಳು ಇವಳು, ಬರೆದವಳು ನಾನು. ಸರ್ ತಲೆಯಾಡಿಸಿದರು. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎನ್ನುತ್ತಾರಲ್ಲ, ಹಾಗೆ ಆ ಸಾಂಡಾಗಳಿಗೆ ನಾನು ಸಾಕ್ಷಿಯಾದೆ.

ಒಂದೇ ಒಂದು ಸಂಗತಿ ನನ್ನ ತಲೆ ಕೊರೆಯುತ್ತಿತ್ತು. ಎರಡನೆಯ ವರ್ಷ ತೆಗೆದ ಬೆರಳಿನ ಮೂಳೆಯಲ್ಲಿ ಕೊನೆಯ ಎರಡು ಕಪ್ಪು ಗೆರೆಗಳ ನಡುವೆ ಬರಗಾಲದ ವರ್ಷದ ಹೊಸ ಪದರ ಸ್ಪಷ್ಟವಾಗಿಯೇ ಕೂತಿತ್ತು. ಕುಗ್ಗಿದ ಪ್ರಾಣಿಗೆ ಹೊಸ ಪದರ ಎಲ್ಲಿಂದ ಬರಬೇಕು? ಕೇಳಿದ್ದಕ್ಕೆ ಅಕ್ಕಾರು, ಮೂಳೆಯ ದಪ್ಪ ಬೇರೆ, ಮೈಯ ಉದ್ದ ಬೇರೆ ಎಂದು ವಿವರಿಸಿದರು. ಓದಿದವರು, ಇದ್ದರೂ ಇರಬಹುದೆಂದು ಸುಮ್ಮನಾದೆ.

ಇನ್ನು ಆ ಭಾನುವಾರ. ಗುರುವಾರ ಅಕ್ಕಾರು ಪ್ರಬಂಧ ಸಲ್ಲಿಸುವ ಮುಂಚಿನ ಬಹಿರಂಗ ಮಂಡನೆ ಇತ್ತು. ಹೊರಗಿನ ಪ್ರಾಧ್ಯಾಪಕರೂ ಬರುವವರಿದ್ದರು. ನನಗೆ ಒಂದು ದಿನ ರಜೆ ಸಿಕ್ಕಿದ್ದರಿಂದ ಕಟ್ಟೆಯ ಕೆಲಸ ಮುಗಿಸಿಬಿಡೋಣ ಎಂದು ಅಪ್ಪನನ್ನು ಕರೆಸಿದ್ದೆ. ಅಪ್ಪ ಗೋಡೆಗೆ ಟೇಪ್ ಹಿಡಿದು ಒಂದೊಂದೇ ಅಂಕಿ ಕೂಗುತ್ತಿದ್ದ, ನಾನು ಬಾಗಿಲಲ್ಲಿ ನಿಂತು ಹಾಳೆಯ ಮೇಲೆ ಬರೆಯುತ್ತಿದ್ದೆ. ನನ್ನ ಗಂಡ ಪಕ್ಕದಲ್ಲಿ ಚಹಾ ಕುಡಿಯುತ್ತ ನಿಂತಿದ್ದ. ಅವನದು ಔಷಧಿ ಅಂಗಡಿಯ ಕೆಲಸ, ಗಾರೆ ಕೆಲಸದ ಗಂಧಗಾಳಿ ಇಲ್ಲ.

"ಮಾವಾರು ಇಪ್ಪತ್ತೈದು ಅಂದ್ರು. ನೀ ಇಪ್ಪತ್ನಾಕು ಬರದಿ," ಎಂದ.

ನಾನು ನಕ್ಕೆ. ಟೇಪಿನ ತುದಿಯ ಕೊಂಡಿ ಸವೆದು ಸಡಿಲವಾಗಿರುತ್ತದೆ, ಅದನ್ನು ನಂಬಿದರೆ ಕಲ್ಲು ತಪ್ಪುತ್ತದೆ. ಅದಕ್ಕೇ ನಮ್ಮವರು ಒಂದು ಬಿಟ್ಟು, ಎಂದರೆ ತುದಿಯಿಂದಲ್ಲ, ಒಂದರ ಗೆರೆಯಿಂದ ಹಿಡಿಯುತ್ತಾರೆ. ಹಿಡಿದವನಿಗೆ ಗಮನವೆಲ್ಲ ಕೈಯಲ್ಲಿರುತ್ತದೆ, ಲೆಕ್ಕ ಮಾಡಲು ಪುರುಸೊತ್ತಿಲ್ಲ. ಅವನು ಕಂಡದ್ದನ್ನು ಕಂಡಹಾಗೆ ಕೂಗುತ್ತಾನೆ, ಬರೆಯುವವನು ಒಂದು ಕಳೆದು ಬರೆಯುತ್ತಾನೆ. ಕಟ್ಟಡದಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ಎಂಟು ವರ್ಷದವಳಿದ್ದಾಗಿನಿಂದ ಅಪ್ಪನಿಗೆ ಹೀಗೆ ಬರೆದುಕೊಟ್ಟವಳು ನಾನು. ಇಷ್ಟನ್ನು ಗಂಡನಿಗೆ ದೊಡ್ಡ ಪಂಡಿತಳ ಹಾಗೆ ತಿಳಿಸಿ ಹೇಳಿದೆ. "ಹಿಡಿದೋರು ಕೂಗಬೇಕು, ಬರೆಯೋರು ಕಳೀಬೇಕು," ಎಂದೆ. ಆ ಮಾತು ಬಾಯಿಂದ ಹೊರಗೆ ಬಿದ್ದದ್ದೇ ತಡ, ನನ್ನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು.

ಮೊದಲ ವರ್ಷ ಅಕ್ಕಾರ ಅಳತೆಯ ಹಲಗೆ ರೈಲಿನಲ್ಲಿ ಮುರಿದಿತ್ತು. ಆಗ ನನ್ನ ಚೀಲದಲ್ಲಿದ್ದ ಅಪ್ಪನ ಉಕ್ಕಿನ ಫೂಟಪಟ್ಟಿಯನ್ನೇ ಬಳಸಿದ್ದೆವು. ಅದರ ತುದಿ ಸವೆದು, ತುಕ್ಕು ತಿಂದು, ಸೊನ್ನೆಯ ಗೆರೆ ಕಾಣುತ್ತಲೇ ಇರಲಿಲ್ಲ. ನಾನು ಬಿಸಿಲಲ್ಲಿ ಮಂಡಿಯೂರಿ, ಒದ್ದಾಡುವ ಸಾಂಡಾದ ಮೂತಿಯನ್ನು ಒಂದು ಸೆಂಟಿಮೀಟರಿನ ಗೆರೆಗೆ ಹೊಂದಿಸಿ, ಬಾಲದ ಬುಡದಲ್ಲಿ ಕಂಡ ಅಂಕಿ ಕೂಗುತ್ತಿದ್ದೆ. ಅಕ್ಕಾರು ಹತ್ತು ಹೆಜ್ಜೆ ಆಚೆ ಖೇಜಡಿ ಮರದ ನೆರಳಲ್ಲಿ ಪುಸ್ತಕ ಹಿಡಿದು ಕೂತು ಬರೆಯುತ್ತಿದ್ದರು. ಅವರು ಕಳೆಯುತ್ತಾರೆಂದು ನಾನು ಅಂದುಕೊಂಡಿರಲೂ ಇಲ್ಲ, ಅಂದುಕೊಳ್ಳದೆ ಇರಲೂ ಇಲ್ಲ. ಉಸಿರಾಡುವಾಗ ಯಾರು ಯೋಚಿಸುತ್ತಾರೆ? ಎರಡನೆಯ ವರ್ಷ ಪುಣೆಯಲ್ಲಿ ಹೊಸ ಹಲಗೆ ಮಾಡಿಸಿದ್ದೆವು, ಅದರಲ್ಲಿ ಮೂತಿ ತಾಗಿಸಲು ಸೊನ್ನೆಗೆ ತಡೆಯಿತ್ತು.

ಹದಿನೇಳೂವರೆ ಇದ್ದದ್ದು ಹದಿನಾರೂವರೆ. ಆ ಗಂಡು ಹದಿನಾರೂವರೆಯಿಂದ ಹದಿನೇಳಕ್ಕೆ ಬೆಳೆದಿತ್ತು. ಯಾವ ಸಾಂಡಾವೂ ಕುಗ್ಗಿರಲಿಲ್ಲ. ಅಪ್ಪ ಗೋಡೆಯ ಕಡೆಯಿಂದ ಮುಂದಿನ ಅಂಕಿ ಕೂಗಿದ, ಮತ್ತೆ ಕೂಗಿದ. ನನಗೆ ಕೇಳಿಸಿತು, ಬರೆಯಲಾಗಲಿಲ್ಲ. ಹಾಳೆಯನ್ನು ಗಂಡನ ಕೈಗೆ ಕೊಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ.

ಸೋಮವಾರ ಬೆಳಗಿನ ಲೋಕಲ್ ಹಿಡಿದು ಎಲ್ಲರಿಗಿಂತ ಮೊದಲು ಪ್ರಯೋಗಾಲಯಕ್ಕೆ ಹೋದೆ. ಕನ್ನಡಕ ಒರೆಸಿಕೊಂಡು ಎರಡನೆಯ ವರ್ಷದ ಮೂಳೆಯ ಗಾಜುಪಟ್ಟಿಗಳನ್ನು ಒಂದೊಂದಾಗಿ ನೋಡಿದೆ. ಪ್ರತಿಯೊಂದರಲ್ಲೂ ಕೊನೆಯ ಎರಡು ಗೆರೆಗಳ ನಡುವೆ ಆ ಬರಗಾಲದ ವರ್ಷದ ಪದರ ಇತ್ತು. ತೆಳುವಾಗಿತ್ತು, ಆದರೆ ಇತ್ತು. ಹಸಿದ ವರ್ಷದಲ್ಲೂ ಆ ಪ್ರಾಣಿಗಳು ಇಷ್ಟಿಷ್ಟೇ ಬೆಳೆದಿದ್ದವು. ಇಷ್ಟು ದಿನ ಅದನ್ನೇ ನೋಡುತ್ತ ಕೂತಿದ್ದೆ, ನನ್ನ ಕಣ್ಣಿಗೆ ಏನಾಗಿತ್ತೋ. ಕತ್ತೆ, ಕತ್ತೆ ಎಂದು ನನ್ನನ್ನು ನಾನೇ ಬೈದುಕೊಂಡೆ.

ಅಕ್ಕಾರು ಹತ್ತಕ್ಕೆ ಬಂದರು, ಕೈಯಲ್ಲಿ ಪೇಢೆಯ ಡಬ್ಬಿ. ಮರುಭೂಮಿಯ ಕೇಂದ್ರದವರು ಗುರುವಾರದ ಮಂಡನೆಗೆ ತಮ್ಮ ಒಬ್ಬರನ್ನು ಕಳಿಸುತ್ತಾರಂತೆ, ಅವರಿಗೆ ಮೆಚ್ಚಿಗೆಯಾದರೆ ನೌಕರಿ ಆದಹಾಗೆಯೇ. ಒಂದು ಪೇಢೆಯನ್ನು ತಾವೇ ನನ್ನ ಬಾಯಿಗೆ ಇಟ್ಟರು. ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವರ ಫೋನ್ ಬಂತು, ಎರಡು ಸಲವೂ ನನಗೆ ಒಳಗೊಳಗೇ ಹಾಯೆನಿಸಿತು.

ಮಂಗಳವಾರವೂ ಹೇಳಲಿಲ್ಲ. ಬೇರೆಯವರ ತಪ್ಪಾಗಿದ್ದರೆ ಸೋಮವಾರವೇ ಊರಿಗೆಲ್ಲ ಡಂಗುರ ಹೊಡೆಯುತ್ತಿದ್ದೆ. ನಮ್ಮ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣಕ್ಕೇ ಹೋಗುತ್ತದಲ್ಲ ಕಣ್ಣು. ರೈಲಿನಲ್ಲಿ ನಿಂತು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ: ಹೇಳದಿದ್ದರೆ ಏನಾಗುತ್ತದೆ? ಫೂಟಪಟ್ಟಿ ಅಪ್ಪನ ಚೀಲಕ್ಕೆ ಹೋಗಿ ಎಷ್ಟೋ ದಿನವಾಗಿದೆ. ನಾನು ಹೇಗೆ ಹಿಡಿದೆನೆಂದು ನೋಡಿದವರು ಯಾರೂ ಇಲ್ಲ. ಅಕ್ಕಾರಿಗೆ ನೌಕರಿ ಸಿಗುತ್ತದೆ, ಸಾಂಡಾಗಳಿಗಂತೂ ಏನೂ ಆಗುವುದಿಲ್ಲ. ಆದರೆ ಮುಂದೆ ಒಂದು ದಿನ ಬೇರೆ ಯಾರೋ ಹೋಗಿ ಅಳೆಯುತ್ತಾರೆ. ಅವರಿಗೆ ಒಂದೂ ಕುಗ್ಗಿದ ಪ್ರಾಣಿ ಸಿಗುವುದಿಲ್ಲ. ಆಗ ಅಕ್ಕಾರನ್ನು ಸುಳ್ಳು ಬರೆದವಳು ಎನ್ನುತ್ತಾರೆ.

ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿದೆ. ಅವರು ಮರುದಿನದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದರು. ಪರದೆಯ ಮೇಲೆ ಸಾಂಡಾಗಳು ಕುಗ್ಗಿದ್ದನ್ನು ತೋರಿಸುವ ನಕ್ಷೆಯೇ ಇತ್ತು, ಕೆಳಗೆ ಇಳಿಯುವ ಗೆರೆಗಳ ನಕ್ಷೆ.

"ಅಕ್ಕಾರ, ಮೊದಲನೇ ವರ್ಷದ ಅಳತಿ ತಪ್ಪ ಅದಾವ್ರಿ," ಎಂದೆ.

"ಯಾವ ಹಾಳಿ?" ಎಂದರು, ತಿರುಗದೆ.

"ಎಲ್ಲಾ ಹಾಳಿ. ನಾ ಪಟ್ಟಿ ಒಂದರಿಂದ ಹಿಡೀತಿದ್ದೆ. ನೀವು ಒಂದ್ ಕಳದು ಬರೀಬೇಕಿತ್ರಿ."

ಆಗ ತಿರುಗಿದರು. ಯಾಕೆ ಕಳೆಯಬೇಕಿತ್ತು, ನನಗೆ ಯಾರು ಹೇಳಿದ್ದರು ಎಂದು ಕೇಳಿದರು. ನಾನು ಅಪ್ಪನ ಕೆಲಸದ ರೀತಿಯನ್ನು ಹೇಳಿದೆ, ಅಡುಗೆ ಕಟ್ಟೆಯದನ್ನು ಹೇಳಿದೆ, ಮೂಳೆಯ ಪದರದ್ದನ್ನೂ ಹೇಳಿದೆ. ಮಾತು ಒಂದರ ಮೇಲೊಂದು ಬಿದ್ದು ಅರ್ಧ ಕನ್ನಡ ಅರ್ಧ ಮರಾಠಿ ಆಯಿತು. ಅವರು ಒಂದು ಹಾಳೆ ಎಳೆದುಕೊಂಡು ಹತ್ತು ಹನ್ನೆರಡು ಪ್ರಾಣಿಗಳ ಅಂಕಿ ಬರೆದರು, ಪ್ರತಿಯೊಂದರಿಂದ ಒಂದು ಕಳೆದರು. ಅಲ್ಲಿಗೇ ನಿಲ್ಲಿಸಿದರು. ಮುಂದೆ ನೋಡುವ ಅಗತ್ಯವಿರಲಿಲ್ಲ. ಅವರ ಮುಖ ನೋಡಲಾರದೆ ನಾನು ಕಿಟಕಿಯ ಕಡೆ ತಿರುಗಿದೆ.

"ಯಾರಿಗರ ಹೇಳಿಯೇನು?" ಎಂದು ಕೇಳಿದರು.

"ಇಲ್ರಿ."

"ಹೇಳಬ್ಯಾಡ. ಮನಿಗೆ ಹೋಗು."

ಮನೆಗೆ ಹೋದೆ. ಆ ಎರಡು ಮಾತುಗಳನ್ನು ಹೇಗೆ ತಿರುಗಿಸಿದರೂ ಅರ್ಥ ಎರಡಾಗುತ್ತಿತ್ತು. ನಾನು ಹೇಳಿಕೊಳ್ಳುತ್ತೇನೆ, ನೀನು ಬಾಯಿ ಹಾಕಬೇಡ ಎಂದೋ? ಇದು ಇಲ್ಲಿಗೇ ಮುಗಿಯಲಿ ಎಂದೋ? ಎರಡನೆಯದಾದರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಬೇಕಾದವರು ಇಬ್ಬರು, ಮತ್ತು ಅಕ್ಕಾರನ್ನು ಅಂಥ ಜಾಗಕ್ಕೆ ತಂದು ನಿಲ್ಲಿಸಿದವಳು ನಾನು. ಗಂಡ ಏನಾಯಿತೆಂದು ಕೇಳಿದ್ದಕ್ಕೆ ಅವನ ಮೇಲೆಯೇ ರೇಗಿದೆ. ಪಾಪ, ಭಾನುವಾರ ಅವನು ಆಡಿದ ಒಂದು ಮಾತಿನಿಂದಲೇ ಎಲ್ಲ ಹೊರಗೆ ಬಂದಿತ್ತು, ಅದಕ್ಕೂ ಅವನದೇ ತಪ್ಪು ಎನ್ನುವಷ್ಟು ನನಗೆ ತಲೆ ಕೆಟ್ಟಿತ್ತು.

ಗುರುವಾರ ಸಭಾಂಗಣದಲ್ಲಿ ಐವತ್ತು ಅರವತ್ತು ಜನರಿದ್ದರು. ಮುಂದಿನ ಸಾಲಿನಲ್ಲಿ ಸರ್, ಅವರ ಪಕ್ಕ ಮರುಭೂಮಿಯ ಕೇಂದ್ರದಿಂದ ಬಂದ ಮನುಷ್ಯ, ಆಚೆ ಬೇರೆ ಕಾಲೇಜಿನ ಇಬ್ಬರು ಪ್ರಾಧ್ಯಾಪಕರು. ಅಕ್ಕಾರ ತಂದೆತಾಯಿ ಬಂದಿದ್ದರು, ತಾಯಿ ಇಳಕಲ್ ಸೀರೆ ಉಟ್ಟಿದ್ದರು. ನಾನು ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ ಕೂತೆ. ಅಕ್ಕಾರು ಬಿಲಗಳ ಬಗ್ಗೆ ಹೇಳಿದರು, ಬೆರಳಿನ ಮೂಳೆಯ ಬಗ್ಗೆ ಹೇಳಿದರು, ಒಂದು ಸಾಂಡಾ ಎಷ್ಟು ಚಳಿಗಾಲ ಬದುಕುತ್ತದೆ ಎಂದು ಹೇಳಿದರು. ಧ್ವನಿ ಎಂದಿನ ಹಾಗೇ ಇತ್ತು. ಆಮೇಲೆ ಆ ನಕ್ಷೆ ಬಂತು, ಕೆಳಗೆ ಇಳಿಯುವ ಗೆರೆಗಳ ನಕ್ಷೆ. ತೆಗೆದುಹಾಕಿರಲಿಲ್ಲ. ಮುಂದಿನ ಸಾಲಿನ ಮನುಷ್ಯ ಪೆನ್ನಿನ ಮುಚ್ಚಳ ತೆಗೆದು ಬರೆದುಕೊಳ್ಳಲು ಸಿದ್ಧನಾದ.

ಅಕ್ಕಾರು ನೀರು ಕುಡಿದರು. ಈ ನಕ್ಷೆ ತಪ್ಪು ಎಂದರು. ಮೊದಲ ವರ್ಷದ ಪ್ರತಿಯೊಂದು ಉದ್ದವೂ ಒಂದು ಸೆಂಟಿಮೀಟರ್ ಹೆಚ್ಚಾಗಿ ಬರೆಯಲ್ಪಟ್ಟಿದೆ, ಅದು ತನಗೆ ತಿಳಿದದ್ದು ನಿನ್ನೆ, ಈ ಪ್ರಾಣಿಗಳು ಕುಗ್ಗಿಲ್ಲ, ಸರಿಪಡಿಸಿದ ಮೇಲೆ ಉಳಿಯುವುದು ನಿಧಾನವಾಗಿ ಬೆಳೆಯುವ ಒಂದು ಸಾಧಾರಣ ಗೆರೆ ಮಾತ್ರ ಎಂದರು. ಮರುಭೂಮಿಯ ಕೇಂದ್ರದ ಮನುಷ್ಯ ಪೆನ್ನಿಗೆ ಮುಚ್ಚಳ ಹಾಕಿದ. ಅಕ್ಕಾರ ತಾಯಿಗೆ ಇಂಗ್ಲಿಷ್ ಅಷ್ಟಾಗಿ ತಿಳಿಯದು, ಗಂಡನ ಕಡೆ ಬಾಗಿ ಏನೆಂದು ಕೇಳುತ್ತಿದ್ದರು.

ಹೊರಗಿನ ಪ್ರಾಧ್ಯಾಪಕರೊಬ್ಬರು ಕೇಳಿದರು: ಅಳತೆ ತೆಗೆದವರು ಯಾರು? ಅವರು ಇಲ್ಲಿ ಇದ್ದಾರೆಯೇ?

ಸರ್ ಹಿಂದಕ್ಕೆ ತಿರುಗಿದರು. ಅವರಿಗೆ ಗೊತ್ತಿತ್ತು, ನಾನೇ ಎದೆ ಉಬ್ಬಿಸಿ ಹೇಳಿದ್ದೆನಲ್ಲ. ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತ ಕಾದರು. ವಿಭಾಗದವರೆಲ್ಲ ಅವರ ಕಣ್ಣು ಹೋದ ಕಡೆ ನೋಡಿದರು. ಏಳು ಎಂದು ನನಗೆ ನಾನೇ ಹೇಳಿಕೊಂಡೆ. ಎದ್ದು, ಹಿಡಿದವಳು ನಾನು, ಅವರಿಗೆ ಹೇಳದೆ ಹೋದವಳು ನಾನು ಎಂದರೆ ಮುಗಿಯಿತು. ಮರಾಠಿಯಲ್ಲಿ ವಾಕ್ಯವನ್ನೂ ಜೋಡಿಸಿದೆ. ಕುರ್ಚಿಯ ಕೈ ಹಿಡಿದದ್ದು ನೆನಪಿದೆ. ಆಮೇಲೆ ನನ್ನ ಚಪ್ಪಲಿಯನ್ನು ನೋಡುತ್ತ ಕೂತೆ.

"ಪುಸ್ತಕದಲ್ಲಿ ಬರೆದವಳು ನಾನು," ಎಂದರು ಅಕ್ಕಾರು. "ಪಟ್ಟಿಯನ್ನು ಎಲ್ಲಿಂದ ಹಿಡಿಯುತ್ತಾರೆಂದು ಒಮ್ಮೆ ಎದ್ದು ಹೋಗಿ ನೋಡಬೇಕಾದದ್ದು ನನ್ನ ಕೆಲಸ. ತಪ್ಪು ನನ್ನದು."

ಪ್ರಬಂಧ ಒಂದು ವರ್ಷ ಹಿಂದಕ್ಕೆ ಹೋಯಿತು. ಆ ನೌಕರಿ ಬೇರೆಯವರಿಗೆ ಆಯಿತು. ಸಭೆ ಮುಗಿದ ಮೇಲೆ ಅಕ್ಕಾರು ತಂದೆತಾಯಿಯನ್ನು ರಿಕ್ಷಾ ಹತ್ತಿಸಿ ಬಂದು, ಕಾರಿಡಾರಿನಲ್ಲಿ ನಿಂತಿದ್ದ ನನಗೆ, ನಾಳೆ ಎಂಟಕ್ಕೆ ಬಾ, ಹಾಳೆಗಳನ್ನೆಲ್ಲ ತಿದ್ದಬೇಕು ಎಂದಷ್ಟೇ ಹೇಳಿದರು. ಹೋದೆ. ಇಬ್ಬರೂ ಎದುರು ಬದುರು ಕೂತೆವು. ಅವರು ಹಳೆಯ ಪುಸ್ತಕದಿಂದ ಒಂದೊಂದೇ ಪ್ರಾಣಿಯ ಗುರುತು ಓದಿ, ತಿದ್ದಿದ ಉದ್ದ ಹೇಳುತ್ತಿದ್ದರು, ನಾನು ಹೊಸ ಹಾಳೆಗೆ ಇಳಿಸುತ್ತಿದ್ದೆ. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ನಡುವೆ ಒಂದು ಕಡೆ ಹಾಳೆ ತಿರುವುತ್ತ, ಗಂಟೆ ಎಷ್ಟಾಯಿತು ಎಂದು ಕೇಳುವಷ್ಟು ಸಾದಾ ಧ್ವನಿಯಲ್ಲಿ ಕೇಳಿದರು: "ನಿನ್ನಿ ಯಾಕ ಎದ್ದು ನಿಲ್ಲಲಿಲ್ಲ?"

"ಅಂಜಿಕಿ ಬಂತ್ರಿ," ಎಂದೆ.

"ನನಗೂ ಬಂದಿತ್ತು," ಎಂದರು, ಮತ್ತು ಮುಂದಿನ ಪ್ರಾಣಿಯ ಗುರುತು ಓದಿದರು.